‘ಹಾಲಕ್ಕಿ’ ಎಂಬುದು ಹಕ್ಕಿಯ ಹೆಸರೋ, ದನಿಯ ಹೆಸರೋ?

ಮೈಸೂರು, ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಸುತ್ತಮುತ್ತ ಇರುಳಿನಲ್ಲಿ ಕೂಗುವ ಹಕ್ಕಿಗಳನ್ನು ಗುರುತಿಸಿ ಬರೆದಿಡುವ ಸ್ವಯಂಸೇವಕರ ಸಣ್ಣ ತಂಡವೊಂದಕ್ಕೆ ಕನ್ನಡದಲ್ಲಿ ದಾಖಲೆ ಹಾಳೆ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೊತ್ತು ಮುಳುಗಿದ ಮೇಲೆ ಗೊತ್ತುಪಡಿಸಿದ ಜಾಗಗಳಲ್ಲಿ ಹತ್ತು ಹತ್ತು ನಿಮಿಷ ಸದ್ದಿಲ್ಲದೆ ನಿಂತು, ಕಿವಿಗೆ ಬಿದ್ದದ್ದನ್ನು ಬರೆದುಕೊಂಡು ಮುಂದೆ ಸಾಗುವುದು ಇವರ ಪದ್ಧತಿ. ಹಾಳೆ ಒಂದೇ ಪುಟದ್ದು. ಆದರೆ ಅದರಲ್ಲಿ ಬರಬೇಕಾದ ‘ಹಾಲಕ್ಕಿ’ ಎಂಬ ಒಂದು ಹೆಸರಿನ ಅರ್ಥ ನನಗೆ ಬಗೆಹರಿಯುತ್ತಿಲ್ಲ.

ಹಕ್ಕಿಗಳನ್ನು ಕುರಿತ ಕನ್ನಡ ಬರಹಗಳಲ್ಲಿ ಇದರ ಅರ್ಥ ಖಚಿತವಾಗಿಯೇ ಇದೆ. ಸುಮಾರು 21 ಸೆಂಟಿಮೀಟರ್ ಉದ್ದದ, ಬೂದುಗಂದು ಮೈಮೇಲೆ ಬಿಳಿಯ ಚುಕ್ಕೆಗಳಿರುವ, ಶಾಸ್ತ್ರೀಯವಾಗಿ ‘ಅಥೀನೆ ಬ್ರಾಮ’ ಎಂದು ಕರೆಯುವ ಪುಟ್ಟ ಗೂಬೆಯೇ ಹಾಲಕ್ಕಿ. ಮೈಸೂರಿನ ಹಳೆಯ ಸಾಲುಮರಗಳ ಪೊಟರೆಗಳಲ್ಲಿ ಇದು ವಾಸಿಸುತ್ತದೆ. ಬೀದಿದೀಪಕ್ಕೆ ಮುತ್ತುವ ಹುಳುಗಳನ್ನು ಹಿಡಿಯುತ್ತದೆ. ಮುಸ್ಸಂಜೆಯಲ್ಲಿ ಜೋಡಿಯಾಗಿ ಕುಳಿತು ಜಗಳವಾಡುವಂತೆ ಕಿರಿಚುತ್ತದೆ. ಹಗಲಿನಲ್ಲೂ ಆಗಾಗ ಕಣ್ಣಿಗೆ ಬೀಳುವುದರಿಂದ ನಗರದವರಿಗೆ ಗೂಬೆಗಳ ಪೈಕಿ ಅತ್ಯಂತ ಪರಿಚಿತವಾದದ್ದು ಇದೇ ಇರಬೇಕು.

ತೊಡಕು ಶುರುವಾದದ್ದು ಪಾಂಡವಪುರದ ಕಡೆಯಿಂದ ಬಂದ ಹಾಳೆಯೊಂದರಿಂದ. ಅದರಲ್ಲಿ ‘ಆಲಕ್ಕಿ – 2’ ಎಂದು ಬರೆದಿತ್ತು. ಮಂಡ್ಯದ ಮಾತಿನಲ್ಲಿ ಪದದ ಮೊದಲಿನ ಹಕಾರ ನಿಲ್ಲುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಅಲ್ಲಿ ಹಾರುವುದೂ ಅಕ್ಕಿ, ಬೇಯಿಸುವುದೂ ಅಕ್ಕಿ. ಹಾಳೆಯನ್ನು ಕಂಪ್ಯೂಟರಿಗೆ ಏರಿಸುವ ನಮ್ಮ ಗೆಳೆಯರು ಬೆಂಗಳೂರಿನವರಾದ್ದರಿಂದ ಇದನ್ನು ಆಲದ ಮರದ ಹಕ್ಕಿಯೆಂದು ತಿಳಿದು, ಅಂಥದೊಂದು ಹಕ್ಕಿ ಪಟ್ಟಿಯಲ್ಲಿಲ್ಲವೆಂದು ಸಾಲನ್ನೇ ಹೊಡೆದುಹಾಕಿದ್ದರು. ಅದನ್ನು ಸರಿಪಡಿಸಲೆಂದು ನಾನು ಆ ಊರಿಗೆ ಹೋದಾಗ, ಬರೆದ ಹುಡುಗನ ತಾತ ಜಗಲಿಯ ಮೇಲೆ ಕುಳಿತೇ ಹೇಳಿದರು: “ಆಲಕ್ಕಿ ನುಡೀತದೆ ಕಣಪ್ಪ. ಅದ್ನ ಕಂಡೋರು ಯಾರು?” ನನ್ನ ಮೊಬೈಲಿನಲ್ಲಿದ್ದ ಚುಕ್ಕೆಗೂಬೆಯ ಕಿರಿಚಾಟವನ್ನು ಕೇಳಿಸಿದೆ, ಅವರು ತಲೆಯಾಡಿಸಿ ಅದಲ್ಲವೆಂದರು. ಬಳಿಕ, ಕಪ್ಪೆ ಒಮ್ಮೆ ವಟಗುಟ್ಟಿ ಸುಮ್ಮನಾಗಿ ಕೆಲವು ಕ್ಷಣ ಬಿಟ್ಟು ಮತ್ತೆ ವಟಗುಟ್ಟಿದಂತೆ ಕೇಳುವ, ಕಿವಿಯಂಥ ಗರಿಗಳುಳ್ಳ ಇನ್ನೊಂದು ಸಣ್ಣ ಗೂಬೆಯ ದನಿಯನ್ನು ಹಾಕಿದೆ. “ಇದೇ, ಇದೇ” ಎಂದರು. ಹಾಗಾದರೆ ಆ ಹಾಳೆಯ ‘2’ ಯಾವ ಹಕ್ಕಿಯದು?

ಇಲ್ಲಿ ನನ್ನ ಗಮನ ಸೆಳೆದದ್ದು ನಾಮಪದಕ್ಕಿಂತ ಹೆಚ್ಚಾಗಿ ಕ್ರಿಯಾಪದ. ಗೂಬೆ ‘ಕೂಗುತ್ತದೆ’, ಹಾಲಕ್ಕಿ ‘ನುಡಿಯುತ್ತದೆ’. ಬೆಳಕು ಹರಿಯುವ ಮುನ್ನ ಮನೆಬಾಗಿಲಿಗೆ ಬರುವ ಬುಡುಬುಡಿಕೆಯವರು ಹೇಳುವುದೂ ಹಾಲಕ್ಕಿ ನುಡಿಯಿತೆಂದೇ, ಶಕುನ ಹೇಳಿತೆಂದೇ. ಮನೆಯ ಮೇಲೆ ಗೂಬೆ ಕೂತು ಕೂಗಿದರೆ ಕೇಡು, ಹಾಲಕ್ಕಿ ನುಡಿದರೆ ಶುಭ ಎಂಬ ಎಣಿಕೆಯಲ್ಲಿ, ಪ್ರಾಣಿಶಾಸ್ತ್ರದ ಪ್ರಕಾರ ಒಂದೇ ಗುಂಪಿಗೆ ಸೇರಿದ ಹಕ್ಕಿಗಳು ಎರಡು ಬೇರೆ ಜಾತಿಗಳಾಗಿಬಿಟ್ಟಿವೆ. ಹಳ್ಳಿಯ ವಿಂಗಡಣೆ ಮೈಬಣ್ಣ, ಗಾತ್ರಗಳನ್ನು ನೋಡಿ ಮಾಡಿದ್ದಲ್ಲ. ಕತ್ತಲಲ್ಲಿ ಕೇಳಿಸಿದ ದನಿಗೆ ಹಚ್ಚಿದ ಅರ್ಥವನ್ನು ನೋಡಿ ಮಾಡಿದ್ದು. ಹೀಗಿರುವಾಗ ‘ಹಾಲಕ್ಕಿ’ಯನ್ನು ಒಂದೇ ಪ್ರಭೇದಕ್ಕೆ ಗಂಟುಹಾಕಿದ್ದು ಬರಹಗಾರರ ಅನುಕೂಲಕ್ಕಾಗಿಯೇ ಹೊರತು ಬಳಕೆಯನ್ನು ಅನುಸರಿಸಿ ಅಲ್ಲವೇನೋ ಎಂಬುದು ನನ್ನ ಅನುಮಾನ.

ಪದದ ರೂಪದ ಬಗೆಗೂ ಒಂದು ಮಾತು. ‘ಪಕ್ಕಿ’ ಸಮಾಸದ ಉತ್ತರಪದವಾದಾಗ ಪಕಾರ ವಕಾರವಾಗುವುದನ್ನು ಜಕ್ಕವಕ್ಕಿ, ಎಣೆವಕ್ಕಿಗಳಲ್ಲಿ ಕಾಣುತ್ತೇವೆ. ಆ ಲೆಕ್ಕದಲ್ಲಿ ಇಲ್ಲಿ ‘ಹಾಲ್ವಕ್ಕಿ’ ಎಂಬ ರೂಪ ಇರಬೇಕಾಗಿತ್ತು. ‘ಹಾಲಕ್ಕಿ’ಯು ‘ಹಕ್ಕಿ’ ಎಂಬ ರೂಪ ನೆಲೆಗೊಂಡ ಮೇಲೆ ಹುಟ್ಟಿದ ಪದವೋ, ಅಥವಾ ವಕಾರವೇ ಬಾಯಿಮಾತಿನಲ್ಲಿ ಸವೆದುಹೋಯಿತೋ? ಪೂರ್ವಪದವಾದ ‘ಹಾಲು’ ಇಲ್ಲಿ ಯಾಕೆ ಬಂದಿದೆಯೆಂಬುದೂ ನನಗೆ ಹೊಳೆಯುತ್ತಿಲ್ಲ. ಚುಕ್ಕೆಗಳ ಬಿಳುಪು ಎನ್ನೋಣವೆಂದರೆ, ಕಂಡೋರು ಯಾರು ಎಂಬ ತಾತನ ಪ್ರಶ್ನೆ ಎದುರು ನಿಲ್ಲುತ್ತದೆ. ಗೂಬೆಯ ಮಟ್ಟಿಗೆ ಈ ಕಷ್ಟವಿಲ್ಲ. ಹಳೆಯ ರೂಪ ‘ಗೂಗೆ’, ತಮಿಳಿನ ‘ಕೂಗೈ’, ತೆಲುಗಿನ ‘ಗೂಬ’ ಇವುಗಳನ್ನು ಸಾಲಾಗಿ ಉಚ್ಚರಿಸಿದರೆ ಸಾಕು, ಹೆಸರಿನಲ್ಲೇ ಹಕ್ಕಿ ಕೂಗುತ್ತದೆ.

ಹಾಳೆಯ ತಲೆಬರಹವೂ ಚರ್ಚೆಗೆ ಬಂತು. ‘ನಿಶಾಚರ ಪಕ್ಷಿಗಳ ಸಮೀಕ್ಷೆ’ ಎಂದು ಮೊದಲು ಬರೆದಿದ್ದೆವು. ನಿಶಾಚರ, ರಾತ್ರಿಂಚರ ಎರಡೂ ರಾಕ್ಷಸನಿಗೆ ಇರುವ ಹೆಸರುಗಳು. ಮೊದಲೇ ಅಪಶಕುನದ ಹೊರೆ ಹೊತ್ತ ಗೂಬೆಯ ತಲೆಯ ಮೇಲೆ ಇನ್ನೊಂದು ಗೂಬೆ ಕೂರಿಸುವುದು ಬೇಡವೆಂದು ‘ಇರುಳು ಹಕ್ಕಿಗಳು’ ಎಂದು ಬದಲಿಸಿದೆವು. ಆದರೆ ಟಿಟ್ಟಿಭ ಹಗಲಿನ ಹಕ್ಕಿಯಾದರೂ ನಡುರಾತ್ರಿಯಲ್ಲಿ ಕೂಗುವುದುಂಟು. ಅದನ್ನೂ ಸೇರಿಸಿಕೊಳ್ಳಬೇಕಾದರೆ ‘ಇರುಳಿನಲ್ಲಿ ಕೂಗುವ ಹಕ್ಕಿಗಳು’ ಎಂಬ ಉದ್ದನೆಯ ರೂಪವೇ ಸರಿಯೆಂದು ಈಗ ತೋರುತ್ತಿದೆ. ‘ಗಣತಿ’ ಎನ್ನಲು ಮನಸ್ಸಾಗಲಿಲ್ಲ, ಏಕೆಂದರೆ ಗಾಳಿಯ ರಾತ್ರಿ ಏನೂ ಕೇಳಿಸದಿದ್ದರೆ ಹಕ್ಕಿ ಇಲ್ಲವೆಂದು ಅರ್ಥವಲ್ಲ. ‘ಸಮೀಕ್ಷೆ’, ‘ವೀಕ್ಷಣೆ’ ಎರಡರ ಒಳಗೂ ಇರುವುದು ನೋಡುವ ಕ್ರಿಯೆ. ಕಿವಿಯ ಕೆಲಸಕ್ಕೆ ಕಣ್ಣಿನ ಪದ. ಬಳಕೆಯಲ್ಲಿ ಆ ಮೂಲಾರ್ಥ ಮರೆತುಹೋಗಿರುವುದರಿಂದ ‘ಸಮೀಕ್ಷೆ’ಯನ್ನು ಉಳಿಸಿಕೊಂಡಿದ್ದೇವೆ. ಆದರೆ ‘ಕಂಡ ಹಕ್ಕಿ’ ಎಂಬ ಅಂಕಣವನ್ನು ತೆಗೆದು ‘ಕೇಳಿಸಿದ್ದು’, ‘ಕಂಡದ್ದು’ ಎಂದು ಎರಡು ಮಾಡಿದ್ದೇವೆ.

ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ, ತಿ. ನರಸೀಪುರದ ಕಡೆಯ ಬಳಕೆ ಬಲ್ಲವರು ಎರಡು ಸಂಗತಿ ತಿಳಿಸಿದರೆ ಉಪಕಾರವಾಗುತ್ತದೆ. ನಿಮ್ಮೂರಿನಲ್ಲಿ ಹಾಲಕ್ಕಿಗೆ ‘ಕೂಗು’ ಎಂಬ ಕ್ರಿಯಾಪದ ಹತ್ತುತ್ತದೆಯೇ, ಇಲ್ಲವೇ ‘ನುಡಿ’ ಮಾತ್ರವೇ? ಆ ಹೆಸರಿನಿಂದ ಕರೆಯುವ ದನಿ ಕಿರಿಚಾಟವೋ, ಬಿಟ್ಟುಬಿಟ್ಟು ಬರುವ ಒಂಟಿ ಸದ್ದೋ? ಹಾಳೆ ದೀಪಾವಳಿಗೆ ಮುಂಚೆ ಅಚ್ಚಿಗೆ ಹೋಗಬೇಕಾಗಿದೆ. ಸದ್ಯಕ್ಕೆ ಚುಕ್ಕೆಗೂಬೆಯ ಎದುರು ‘ಹಾಲಕ್ಕಿ’ ಎಂದೇ ಬರೆದು, ಪಕ್ಕದಲ್ಲಿ ‘ಊರಿನವರು ಹೇಳಿದ ಹೆಸರು’ ಎಂಬ ಖಾಲಿ ಮನೆಯೊಂದನ್ನು ಬಿಟ್ಟಿದ್ದೇನೆ. ಅಲ್ಲಿ ‘ಆಲಕ್ಕಿ’ ಎಂದು ಬಂದರೆ ಯಾರೂ ಹೊಡೆದುಹಾಕಬಾರದೆಂದು ಬೆಂಗಳೂರಿನ ಗೆಳೆಯರಿಗೂ ತಿಳಿಸಿದ್ದೇನೆ.