ಶುಗರ್ ಲೋ ಆದ ಅರ್ಧ ಗಂಟೆ ಅಮ್ಮನಿಗೆ ನೆನಪೇ ಇಲ್ಲ

ಮಲೆನಾಡ ಮಗಳು:
ಅಮ್ಮನಿಗೆ 71. ಶುಗರ್ ಶುರುವಾಗಿ 15 ವರ್ಷ ಆಯಿತು, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ನಡೆಯುತ್ತಿವೆ. ಕಳೆದ ಸಂಕಷ್ಟಿಗೆ ಉಪವಾಸ ಇದ್ದರು, ಮಾತ್ರೆ ಮಾತ್ರ ಬಿಡಲಿಲ್ಲ. ಸಂಜೆ ಮಲ್ಲಿಗೆ ಕಟ್ಟುತ್ತಾ ಕೂತವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ಟರು. ಕೈಯಲ್ಲಿ ಬಾಳೆನಾರು ಹಾಗೇ ಇದೆ, ಹೂವನ್ನು ಎಲ್ಲಿ ಇಡಬೇಕು ಅಂತ ಹೊಳೆಯುತ್ತಿಲ್ಲ, ನನ್ನನ್ನು ಚಿಕ್ಕಮ್ಮನ ಹೆಸರು ಹಿಡಿದು ಕರೆದರು. ಚೆಕ್ ಮಾಡಿದರೆ 46! ಸಕ್ಕರೆ ನೀರು ಕುಡಿಸಿದ ಮೇಲೆ ಕಾಲು ಗಂಟೆಯಲ್ಲಿ ಸರಿಹೋದರು. ಆದರೆ ಆ ಅರ್ಧ ಗಂಟೆ ಏನಾಯಿತು ಅಂತ ಅವರಿಗೆ ಗೊತ್ತೇ ಇಲ್ಲ. ಈಚೆಗೆ ಮರೆವೂ ಜಾಸ್ತಿಯಾಗಿದೆ. ಇದರಿಂದ ಮೆದುಳಿಗೆ ಪೆಟ್ಟು ಬಿದ್ದಿರಬಹುದಾ?

ಬಯಾಲಜಿ ಮೇಷ್ಟ್ರು:
ಒಂದೇ ಸಲ 46ಕ್ಕೆ ಇಳಿದು ಬೇಗ ಮೇಲೆ ಬಂದರೆ ಮೆದುಳಿನ ಕೋಶಗಳು ಸಾಯುವುದು ಅಪರೂಪ, ಮೊದಲು ಆ ಭಯ ಬಿಡಿ. ಮೆದುಳು ದೇಹದ ತೂಕದಲ್ಲಿ ಬರೀ ನೂರಕ್ಕೆ 2ರಷ್ಟು, ಆದರೆ ದೇಹದ ಇಂಧನದಲ್ಲಿ ಸುಮಾರು 20ರಷ್ಟು ಅದಕ್ಕೇ ಬೇಕು, ಕೂಡಿಟ್ಟುಕೊಳ್ಳುವುದಂತೂ ಇಲ್ಲವೇ ಇಲ್ಲ ಅನ್ನಬೇಕು, ರಕ್ತದಿಂದ ಗ್ಲೂಕೋಸ್ ಬರುತ್ತಲೇ ಇರಬೇಕು. ಅದು ಕಡಿಮೆಯಾದರೆ ಒಂದು ನರಕೋಶ ಇನ್ನೊಂದಕ್ಕೆ ಕಳಿಸುವ ಸಂದೇಶ ಸೊರಗುತ್ತದೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ತಯಾರಾಗುವುದಕ್ಕೂ ಗ್ಲೂಕೋಸೇ ಮೂಲ. ಹೊಸ ನೆನಪು ಕೂರಿಸುವ ಹಿಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗ ಈ ಕೊರತೆಯನ್ನು ತಡೆದುಕೊಳ್ಳುವುದಿಲ್ಲ. ಅಂದರೆ ಆ ಅರ್ಧ ಗಂಟೆಯನ್ನು ನಿಮ್ಮ ಅಮ್ಮ ಮರೆತಿಲ್ಲ, ಅದು ಒಳಗೆ ದಾಖಲೇ ಆಗಲಿಲ್ಲ.
ತೀರಾ ಕೆಳಗಿಳಿದು ಬಹಳ ಹೊತ್ತು ಉಳಿದರೆ ಕಥೆ ಬೇರೆ. ಆಗ ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಅನ್ನುವ ರಾಸಾಯನಿಕ ಮಿತಿಮೀರಿ ಸುರಿದು ಕೋಶಗಳನ್ನೇ ಕೊಲ್ಲುತ್ತದೆ.

ಅಪ್ಪನ ಜೊತೆಗಾರ:
ನಮ್ಮ ಅಪ್ಪನಿಗೂ ಹೀಗೇ ಆಗುತ್ತಿತ್ತು. ಬಿಪಿಗೆ ಬೀಟಾ ಬ್ಲಾಕರ್ ತಗೊಳ್ಳುತ್ತಿದ್ದರು, ಅದಕ್ಕೇ ಕೈ ನಡುಕ, ಎದೆಬಡಿತ ಯಾವುದೂ ಕಾಣುತ್ತಿರಲಿಲ್ಲ, ಕತ್ತಿನ ಹಿಂದೆ ಬೆವರು ಮಾತ್ರ. ಪದೇ ಪದೇ ಲೋ ಆದರೆ ದೇಹ ಎಚ್ಚರಿಕೆ ಕೊಡುವುದನ್ನೇ ಬಿಡುತ್ತದೆ, ಇದು ನನಗೆ ತುಂಬಾ ತಡವಾಗಿ ಗೊತ್ತಾಯಿತು. 70ಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ, 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಿ. ಲಾಡು, ಚಾಕ್ಲೇಟ್ ಬೇಡ, ಜಿಡ್ಡಿನಿಂದ ನಿಧಾನವಾಗುತ್ತದೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ದಿನಾ ನಡಿಗೆ:
ಮರೆವಿಗೆಲ್ಲ ಲೋ ಶುಗರ್ರೇ ಕಾರಣ ಅನ್ನಬೇಡಿ. ವರ್ಷಗಟ್ಟಲೆ ಹೈ ಇದ್ದರೂ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಮೆಟ್‌ಫಾರ್ಮಿನ್ ಬಹಳ ಕಾಲ ತಗೊಂಡವರಲ್ಲಿ ಬಿ12 ಕಡಿಮೆಯಾಗಬಹುದು, ಅದರಿಂದಲೂ ಮರೆವು ಬರುತ್ತದೆ, ಒಂದು ರಕ್ತಪರೀಕ್ಷೆ ಮಾಡಿಸಿ. 2009ರಲ್ಲಿ ಅಮೆರಿಕದಲ್ಲಿ ಶುಗರ್ ಇರುವ 16 ಸಾವಿರಕ್ಕೂ ಹೆಚ್ಚು ಹಿರಿಯರ ಅಧ್ಯಯನ ಬಂತು. ಶುಗರ್ ತೀರಾ ಕುಸಿದು ಆಸ್ಪತ್ರೆ ಸೇರಿದವರಲ್ಲಿ ಮುಂದೆ ಡಿಮೆನ್ಶಿಯಾ ಜಾಸ್ತಿ ಕಂಡಿತು. ಆದರೆ ಮರೆವು ಇರುವವರು ಊಟ ಮರೆತು, ಮಾತ್ರೆ ಎರಡು ಸಲ ನುಂಗಿ ಲೋ ಆಗುವುದೂ ಇದೆ ಅಲ್ವಾ? ಎರಡೂ ಕಡೆಯಿಂದ ನೋಡಬೇಕು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಈ ವಯಸ್ಸಿಗೆ ಗ್ಲಿಮೆಪಿರೈಡ್ ಇಷ್ಟು ಬೇಕಾ ಅಂತ ಡಾಕ್ಟರನ್ನು ಕೇಳಿ, ಕಿಡ್ನಿ ರಿಪೋರ್ಟೂ ತೋರಿಸಿ. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ, ಎಷ್ಟಿದೆ?

ಮಲೆನಾಡ ಮಗಳು:
6.1. ಕಡಿಮೆಯಾದಷ್ಟೂ ಒಳ್ಳೆಯದು ಅಂದುಕೊಂಡು ನಾವೆಲ್ಲ ಅದನ್ನು ನೋಡಿ ಖುಷಿಪಟ್ಟಿದ್ದೆವು! ನಾಳೆ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, 46 ಬಂದ ಮೀಟರನ್ನೂ ಚೀಲಕ್ಕೆ ಹಾಕಿದ್ದೇನೆ. ಮುಂದಿನ ಸಂಕಷ್ಟಿಗೆ ಹಾಲು, ಹಣ್ಣು ತಗೊಳ್ಳಲು ಅಮ್ಮ ಒಪ್ಪಿದ್ದಾರೆ.