ಕಾರವಾರದಿಂದ ಸೋಂದಾ ಮಠಗಳಿಗೆ ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳಬಹುದೇ?

ಪ್ರಶ್ನೆ: ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಎಪ್ಪತ್ತು ದಾಟಿದ ನನ್ನ ತಾಯಿಯವರಿಗೆ ಸೋದೆಯಲ್ಲಿ, ಅಂದರೆ ಸೋಂದಾದಲ್ಲಿ, ಇರುವ ಮಾಧ್ವ ಯತಿ ವಾದಿರಾಜರ ವೃಂದಾವನದ (ಸಮಾಧಿಯ) ದರ್ಶನ ಪಡೆಯಬೇಕೆಂಬ ಆಸೆ ಬಹಳ ವರ್ಷಗಳಿಂದ ಇದೆ. ನಮ್ಮಲ್ಲಿ ಸ್ವಂತ ವಾಹನವಿಲ್ಲ, ಬಾಡಿಗೆ ಕಾರು ಮಾಡುವುದು ಅವರಿಗೆ ಇಷ್ಟವಿಲ್ಲ. ಸರ್ಕಾರಿ ಬಸ್ಸಿನಲ್ಲಿಯೇ ಬೆಳಿಗ್ಗೆ ಘಟ್ಟ ಹತ್ತಿ, ಸಾಧ್ಯವಾದರೆ ಸ್ವರ್ಣವಲ್ಲಿ ಮಠ, ಜೈನ ಮಠ ಮತ್ತು ಸಹಸ್ರಲಿಂಗವನ್ನೂ ನೋಡಿಕೊಂಡು, ರಾತ್ರಿ ಮನೆಗೆ ಮರಳುವ ಯೋಚನೆಯಿದೆ. ಯಾವ ಮಾರ್ಗ ಒಳ್ಳೆಯದು, ಯಾವ ತಿಂಗಳು ಸೂಕ್ತ, ಮಠದಲ್ಲಿ ಊಟದ ವ್ಯವಸ್ಥೆ ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಶಾಲ್ಮಲೆ, ಶಿರಸಿ

ಬರಬಹುದು, ಆದರೆ ನೀವು ಬರೆದ ನಾಲ್ಕೂ ಸ್ಥಳಗಳನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಕಾರವಾರದಿಂದ ಕುಮಟಾಕ್ಕೆ ಸುಮಾರು 70 ಕಿಲೋಮೀಟರ್, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಸುಮಾರು 60, ಶಿರಸಿಯಿಂದ ಸೋಂದಾಕ್ಕೆ ಮತ್ತೆ 20 ಎಂದರೆ ಹೋಗುವುದಕ್ಕೇ ನಾಲ್ಕೂವರೆಯಿಂದ ಐದು ತಾಸು ಬೇಕು. ಬರುವಾಗಲೂ ಅಷ್ಟೇ. ಬೆಳಿಗ್ಗೆ ಐದಕ್ಕೆ ಹೊರಟರೂ ನಿಮ್ಮ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಐದು ತಾಸು, ಅದನ್ನು ವೃಂದಾವನಕ್ಕೆ ಮೀಸಲಿಡುವುದೇ ತಾಯಿಯವರ ಆಸೆಗೆ ಸಲ್ಲುವ ನ್ಯಾಯವೆಂದು ನನ್ನ ಅನಿಸಿಕೆ.

ಈ ಪ್ರಯಾಣದಲ್ಲಿ ಮೊದಲು ನಿಶ್ಚಯಿಸಬೇಕಾದುದು ಮರಳುವ ಬಸ್ಸು. ಶಿರಸಿಯಲ್ಲಿ ಇಳಿದ ಕೂಡಲೇ ನಿಲ್ದಾಣದ ಕಂಟ್ರೋಲರ್ ಬಳಿ ಎರಡು ಸಂಗತಿ ಕೇಳಿಕೊಳ್ಳಿ: ಮಠದಿಂದ ಮಧ್ಯಾಹ್ನ ಮರಳುವ ಬಸ್ಸು ಯಾವುದು ಮತ್ತು ಸಂಜೆ ಕುಮಟಾ ಕಡೆಗೆ ಹೋಗುವ ಕಡೆಯ ಬಸ್ಸು ಎಷ್ಟು ಹೊತ್ತಿಗೆ. ನಮ್ಮ ಹಳ್ಳಿಗಳ ಕಡೆ ಸಂಜೆ ಹೋಗುವ ಬಸ್ಸುಗಳಲ್ಲಿ ಅನೇಕವು ವಸ್ತಿ ಬಸ್ಸುಗಳಾಗಿದ್ದು, ರಾತ್ರಿ ಅಲ್ಲಿಯೇ ತಂಗಿ ಮರುದಿನ ಬೆಳಗ್ಗೆಯೇ ಹೊರಡುತ್ತವೆ; ಆದ್ದರಿಂದ ಹೋಗುವ ಬಸ್ಸು ಕಂಡ ಮಾತ್ರಕ್ಕೆ ಬರುವ ಬಸ್ಸೂ ಇದೆ ಎಂದು ತಿಳಿಯಬಾರದು. ಶಾಲೆ, ಕಾಲೇಜಿನ ವೇಳೆಗೆಂದು ಓಡುವ ಬಸ್ಸುಗಳು ರವಿವಾರ ಇರುವುದಿಲ್ಲವಾದ್ದರಿಂದ ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಿ. ಮೂರು ಗಂಟೆಯೊಳಗೆ ಮಠದಿಂದ ಹೊರಟರೆ ಆತಂಕವಿಲ್ಲ.

ತಾಯಿಯವರ ಆಧಾರ್ ಕಾರ್ಡ್ ಮರೆಯಬೇಡಿ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಶಕ್ತಿ ಯೋಜನೆಯಡಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅವರ ಪ್ರಯಾಣ ಉಚಿತ.

ಉತ್ತರ: ಅರಬೈಲು, ಯಲ್ಲಾಪುರ

ಮೇಲಿನವರು ಹೇಳಿದ್ದು ಸರಿಯಾಗಿದೆ, ಮಾರ್ಗದ ವಿಷಯದಲ್ಲಿ ಮಾತ್ರ ಇನ್ನೊಂದು ಸಲಹೆಯಿದೆ. ಕಾರವಾರದವರು ಕುಮಟಾದವರೆಗೆ ಕೆಳಗಿಳಿದು ಮತ್ತೆ ಮೇಲೆ ಹತ್ತಲೇಬೇಕೆಂದಿಲ್ಲ. ಹುಬ್ಬಳ್ಳಿಗೆ ಹೋಗುವ ಬಸ್ಸು ಹಿಡಿದರೆ ಅಂಕೋಲಾ ದಾಟಿ ಅರಬೈಲು ಘಟ್ಟದ ಮೂಲಕ ಯಲ್ಲಾಪುರ ಸೇರಬಹುದು, ಅಲ್ಲಿಂದ ಮಂಚಿಕೇರಿ ಮಾರ್ಗವಾಗಿ ಶಿರಸಿಗೆ ಹೋಗುವ ಬಸ್ಸು ಹತ್ತಿ ಸೋಂದಾ ಕ್ರಾಸಿನಲ್ಲಿ ಇಳಿಯಬಹುದು. ದೂರವೂ ಸ್ವಲ್ಪ ಕಡಿಮೆ. ಕ್ರಾಸಿನಿಂದ ಮಠ ಒಳಗಿರುವುದರಿಂದ ವಯಸ್ಸಾದವರನ್ನು ನಡೆಸಿಕೊಂಡು ಹೋಗುವಂತಿಲ್ಲ, ಅಲ್ಲಿ ರಿಕ್ಷಾ ಕಾದು ನಿಂತಿರುತ್ತದೆ ಎಂಬ ಖಾತ್ರಿಯೂ ಇಲ್ಲ. ಹೀಗಾಗಿ ತಾಯಿಯವರು ಜೊತೆಗಿರುವಾಗ ಶಿರಸಿಯವರೆಗೂ ಹೋಗಿ ಮಠದ ಬಸ್ಸು ಹತ್ತುವುದು ಮೇಲು. ಮಳೆಯಿಂದ ದೇವಿಮನೆ ಘಟ್ಟದಲ್ಲಿ ಸಂಚಾರ ನಿಂತ ದಿನಗಳಲ್ಲಿ ಈ ಯಲ್ಲಾಪುರದ ದಾರಿಯನ್ನು ನೆನಪಿಟ್ಟುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನಾದರೆ ಬರಬೇಡಿರೆಂದೇ ಹೇಳುತ್ತೇನೆ. ಎರಡೂ ಘಟ್ಟಗಳಲ್ಲಿ ಗುಡ್ಡ ಕುಸಿಯುವ ಭಯವಿರುತ್ತದೆ, ಉಂಬಳದ (ಜಿಗಣೆಯ) ಕಾಟವೂ ತಪ್ಪಿದ್ದಲ್ಲ. ದೀಪಾವಳಿ ಕಳೆದ ಮೇಲೆ ಫೆಬ್ರವರಿಯವರೆಗೆ ಹವೆಯೂ ಹಿತ. ಶಾಲ್ಮಲೆ ನದಿಯ ನೀರು ಇಳಿದು ಸಹಸ್ರಲಿಂಗದ ಬಂಡೆಗಳ ಮೇಲಿನ ಲಿಂಗಗಳು ಕಾಣುವುದೂ ಆಗಲೇ, ಆದರೆ ಅದನ್ನು ಇನ್ನೊಂದು ಪ್ರವಾಸಕ್ಕೆ ಬಿಡಿ.

ಉತ್ತರ: ಧವಳಗಂಗೆ, ಸೋಂದಾ

ಮಠದ ಊಟದ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ತಿಳಿಸುತ್ತಿದ್ದೇನೆ. ಮಧ್ಯಾಹ್ನದ ಮಹಾಪೂಜೆ ಮುಗಿದ ಮೇಲೆ ಬಂದ ಭಕ್ತರಿಗೆಲ್ಲ ಪ್ರಸಾದ ಭೋಜನವಿರುತ್ತದೆ. ಏಕಾದಶಿಯ ದಿನ ಮಾಧ್ವ ಮಠಗಳಲ್ಲಿ ಅಡುಗೆಯೇ ಇರುವುದಿಲ್ಲ. ಹೊರಡುವ ಮೊದಲು ಪಂಚಾಂಗವನ್ನು ಒಮ್ಮೆ ನೋಡಿಕೊಳ್ಳಿ. ತಾಯಿಯವರು ವೇಳೆಗೆ ಸರಿಯಾಗಿ ಗುಳಿಗೆ ತೆಗೆದುಕೊಳ್ಳುವವರಾಗಿದ್ದರೆ ಪೂಜೆ ಮುಗಿಯುವವರೆಗೆ ಕಾಯದೆ ನಡುವೆ ತಿನ್ನಲು ಏನಾದರೂ ಕಟ್ಟಿಕೊಂಡು ಬರುವುದು ಒಳ್ಳೆಯದು. ನೀವು ಒಂದು ಪಂಚೆ, ಶಲ್ಯ ಇಟ್ಟುಕೊಳ್ಳಿ.

ಫಾಲ್ಗುಣ ಬಹುಳ ತದಿಗೆಯ ವಾದಿರಾಜರ ಆರಾಧನೆಯ ಆಸುಪಾಸಿನ ದಿನಗಳಲ್ಲಿ ದೂರದೂರದಿಂದ ಜನ ಬರುತ್ತಾರೆ. ನೂಕುನುಗ್ಗಲು ಬೇಡವೆಂದರೆ ಆ ವಾರವನ್ನು ಬಿಟ್ಟುಬಿಡಿ. ಉಡುಪಿಯಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪರ್ಯಾಯವನ್ನು (ಕೃಷ್ಣ ಪೂಜೆಯ ಸರದಿಯನ್ನು) ಎರಡು ವರ್ಷಕ್ಕೆ ಏರಿಸಿದ ವಾದಿರಾಜರು ಕಡೆಗೆ ನೆಲೆಸಿದ್ದು ಈ ಕಾಡಿನ ನಡುವೆ. ಪಂಚ ವೃಂದಾವನ, ರಮಾ ತ್ರಿವಿಕ್ರಮ ದೇವಸ್ಥಾನ, ಭೂತರಾಜರ ಗುಡಿ ಮತ್ತು ಧವಳಗಂಗಾ ಪುಷ್ಕರಣಿ ಒಂದೇ ಆವರಣದಲ್ಲಿ ಹತ್ತಿರ ಹತ್ತಿರವೇ ಇವೆ. ಕೂತು ಎದ್ದು ನಿಧಾನವಾಗಿ ನೋಡಲು ಎರಡು ತಾಸಾದರೂ ಬೇಕು.

ಮರುಪ್ರಶ್ನೆ: ಕಾಳಿದಂಡೆ, ಕಾರವಾರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಿಸೆಂಬರಿನಲ್ಲಿ ಏಕಾದಶಿಯಲ್ಲದ ಒಂದು ಬುಧವಾರ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಹಿಂದಿನ ರಾತ್ರಿ ಕುಮಟಾದ ಅಕ್ಕನ ಮನೆಯಲ್ಲಿ ಉಳಿದರೆ ಎರಡು ತಾಸು ಉಳಿಯುತ್ತದೆ. ಹಾಗಾದರೆ ಸ್ವರ್ಣವಲ್ಲಿಯನ್ನೂ ಸೇರಿಸಬಹುದೇ?

ಉತ್ತರ: ಶಾಲ್ಮಲೆ, ಶಿರಸಿ

ಹಾಗಾದರೆ ಖಂಡಿತ ಸೇರಿಸಬಹುದು. ಎರಡೂ ಮಠಗಳು ಸೋಂದಾ ಪರಿಸರದಲ್ಲೇ ಇದ್ದರೂ ದಾರಿ ಬೇರೆಯಾದ್ದರಿಂದ ನಡೆದು ಹೋಗುವ ಲೆಕ್ಕ ಬೇಡ. ಶಿರಸಿಯಲ್ಲಿಯೇ ರಿಕ್ಷಾದವರೊಡನೆ ಎರಡೂ ಮಠ ಮತ್ತು ಕಾಯುವ ಹೊತ್ತನ್ನು ಸೇರಿಸಿ ಬಾಡಿಗೆ ಮಾತನಾಡಿಕೊಳ್ಳಿ. ಬೆಳಿಗ್ಗೆ ಮೊದಲು ಸ್ವರ್ಣವಲ್ಲಿಗೆ ಹೋಗಿ ಲಕ್ಷ್ಮೀನೃಸಿಂಹ, ಚಂದ್ರಮೌಳೀಶ್ವರ, ರಾಜರಾಜೇಶ್ವರಿಯರ ದರ್ಶನ ಮುಗಿಸಿ, ಹನ್ನೊಂದರೊಳಗೆ ವಾದಿರಾಜ ಮಠ ತಲುಪಿದರೆ ಮಹಾಪೂಜೆಯೂ ಸಿಗುತ್ತದೆ, ಊಟವೂ ಆಗುತ್ತದೆ.