ಸೇಬಿನ ರಸವೋ, ಸೇಬಿನ ಹೆಂಡವೋ, ಸೈಡರೋ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ಕಾಡುತ್ತಿದೆ. ನನ್ನ ಮಾನವನ್ನೂ ಸ್ವಲ್ಪ ಕಳೆದಿದೆ. ಆದ್ದರಿಂದ ನಡೆದದ್ದನ್ನು ಹೇಳಿಯೇ ಪ್ರಶ್ನೆಗೆ ಬರುತ್ತೇನೆ.

ನಾನಿರುವುದು ಹ್ಯಾಂಬರ್ಗ್‌ನಲ್ಲಿ. ಕಳೆದ ಸೆಪ್ಟೆಂಬರಿನಲ್ಲಿ ಗಡಿ ದಾಟಿ ಡೆನ್ಮಾರ್ಕಿನ ರೀಬೆಗೆ ಹೋಗಿದ್ದೆ. ಆ ದೇಶದ ಅತ್ಯಂತ ಹಳೆಯ ಪಟ್ಟಣ ಅದು. 2010ರಲ್ಲಿ ತನ್ನ 1300 ವರ್ಷಗಳ ಹಬ್ಬ ಮಾಡಿಕೊಂಡಿತು. ಓಣಿಗಳಿಗೆಲ್ಲ ಉರುಟು ಕಲ್ಲಿನ ಹಾಸು, ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿ ಕಟ್ಟಿದ ಮನೆಗಳು, ನಡು ಬಾಗಿದ ಗೋಡೆಗಳು. ಅಂಥದೊಂದು ಮನೆಯ ತಗ್ಗು ಬಾಗಿಲಿನ ಒಳಗೆ ನಾಲ್ಕೇ ಮೇಜಿನ ಸೈಡರ್ ಬಾರ್ ಇತ್ತು. ಸೈಡರ್ ಎಂದರೆ ಸೇಬಿನ ರಸ ಹುದುಗಿ ಆಗುವ, ಮತ್ತೇರುವ ಪೇಯ. ಅಲ್ಲಿ ಕಳೆದ ಸಂಜೆಯ ಬಗ್ಗೆ ಒಂದು ಪತ್ರಿಕೆಗೆ ಪುಟ್ಟ ಪ್ರವಾಸ ಲೇಖನ ಬರೆದುಕೊಟ್ಟೆ. ಕನ್ನಡಾಭಿಮಾನದಿಂದಲೋ ಏನೋ, ಅಚ್ಚಿಗೆ ಹೋಗುವ ಮುನ್ನ ಯಾರೋ 'ಸೈಡರ್' ಎಂದಿದ್ದಲ್ಲೆಲ್ಲ 'ಸೇಬಿನ ರಸ' ಎಂದು ತಿದ್ದಿಬಿಟ್ಟಿದ್ದರು. ಅಚ್ಚಾಗಿ ಬಂದದ್ದು ಹೀಗೆ: "ಎರಡು ಲೋಟ ಸೇಬಿನ ರಸ ಕುಡಿದು ಎದ್ದರೆ, ಕಲ್ಲುಹಾಸಿನ ಮೇಲೆ ಹೆಜ್ಜೆ ನೆಟ್ಟಗೆ ಬೀಳಲೊಲ್ಲದು." ಓದಿದ ಹಿರಿಯರೊಬ್ಬರು, ಒಮ್ಮೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕಾಳಜಿಯಿಂದ ಬರೆದರು. ಅದು ರಸವಲ್ಲ, ಸೈಡರ್ ಎಂದು ಉತ್ತರಿಸಿದೆ. ಹಾಗಾದರೆ ನೀರು ಬೆರೆಸದೆ ಕುಡಿಯಬಾರದು, ಹಲ್ಲು ಸವೆಯುತ್ತದೆ ಎಂದರು.

ತಪ್ಪು ಅವರದಲ್ಲ. ಕನ್ನಡಕ್ಕೆ 'ಸೈಡರ್' ಬಂದದ್ದೇ ವಿನೆಗರ್‌ನ ಬಾಲ ಹಿಡಿದುಕೊಂಡು, ತೂಕ ಇಳಿಸುವ ಸಲಹೆಗಳ ಮೂಲಕ. ಸೈಡರ್ ಇನ್ನಷ್ಟು ಹುಳಿತು ಆದದ್ದು ಆ ವಿನೆಗರ್. ನಮಗೆ ಮೊಮ್ಮಗನ ಪರಿಚಯವಿದೆ, ಅಜ್ಜನದಿಲ್ಲ.

ಈಗ ಲೇಖನ ಒಂದು ಸಂಕಲನಕ್ಕೆ ಹೋಗುತ್ತಿದೆ. ತಿದ್ದಲು ಅವಕಾಶವಿದೆ. ಏನೆಂದು ತಿದ್ದಲಿ?

ಪದಾರ್ಥ ಯಾವುದು ಎಂಬುದನ್ನು ಮೊದಲು ಹೇಳುತ್ತೇನೆ. ಸೇಬನ್ನು ಜಜ್ಜಿ, ಹಿಂಡಿ, ರಸ ತೆಗೆದು ಹಾಗೆಯೇ ಇಡುತ್ತಾರೆ. ಹುದುಗು ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗುಳ್ಳೆಯನ್ನೂ ಬಿಡುತ್ತದೆ. ಕುದಿಸುವುದಿಲ್ಲ, ಬಟ್ಟಿ ಇಳಿಸುವುದಿಲ್ಲ. ಆದ್ದರಿಂದ 'ಸೇಬಿನ ಸಾರಾಯಿ' ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ಸೈಡರನ್ನು ಬಟ್ಟಿ ಇಳಿಸಿದರೆ ನಾರ್ಮಂಡಿಯ ಕಾಲ್ವಾಡೋಸ್ ಆಗುತ್ತದೆ, ಅದು ಬೇರೆಯೇ ಸರಕು.

ಆ ಬಾರಿನಲ್ಲಿ ಕಂಡದ್ದೊಂದು ಈ ಚರ್ಚೆಗೆ ತಕ್ಕದ್ದು. ಪಕ್ಕದ ಮೇಜಿನಲ್ಲಿ ಒಬ್ಬ ತಂದೆ ಮತ್ತು ಏಳೆಂಟು ವರ್ಷದ ಮಗಳು ಕುಳಿತಿದ್ದರು. ಅಂಗಡಿಯಾತ ಇಬ್ಬರಿಗೂ ಒಂದೊಂದು ಶೀಶೆ ತಂದ. ಒಂದೇ ತೋಟದ ಒಂದೇ ಜಾತಿಯ ಹಣ್ಣು, ಗ್ರೋಸ್ಟೇನ್. 2005ರಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ಹಣ್ಣೆಂದು ಆಯ್ಕೆಯಾದ, ಘಮ ಮತ್ತು ಹುಳಿ ಎರಡೂ ಇರುವ ಸೇಬು. ಮಗುವಿನ ಶೀಶೆಯ ಮೇಲೆ 'ಎಬ್ಲೆಮೊಸ್ಟ್' ಎಂದಿತ್ತು, ತಂದೆಯದರ ಮೇಲೆ 'ಸೈಡರ್' ಎಂದಿತ್ತು. ಇಬ್ಬರೂ ಲೋಟ ತಾಗಿಸಿ 'ಸ್ಕೋಲ್' ಎಂದರು. ಡೇನಿಷ್‌ನಲ್ಲಿ ಯಾರಿಗೂ ಗೊಂದಲವಿಲ್ಲ: ಹಿಂಡಿದ್ದು ಮೊಸ್ಟ್, ಹುದುಗಿದ್ದು ಸೈಡರ್.

ಆದರೆ ಇದೇ 'ಮೊಸ್ಟ್' ದಕ್ಷಿಣಕ್ಕೆ ಇಳಿದು ಆಸ್ಟ್ರಿಯಾ ಸೇರಿದರೆ ಹುದುಗಿದ ಪೇಯದ ಹೆಸರಾಗುತ್ತದೆ. ಅಟ್ಲಾಂಟಿಕ್ ದಾಟಿದರೆ 'ಸೈಡರ್' ಎಂದರೆ ಮಕ್ಕಳೂ ಕುಡಿಯುವ ರಸ. ಮತ್ತೇರುವುದು ಬೇಕಿದ್ದರೆ ಅಮೆರಿಕದಲ್ಲಿ 'ಹಾರ್ಡ್' ಎಂಬ ವಿಶೇಷಣ ಸೇರಿಸಬೇಕು. ನಮ್ಮ ಕಥೆಯೂ ಭಿನ್ನವಲ್ಲ. ಕನ್ನಡ ಬೈಬಲ್‌ನಲ್ಲಿ ವೈನ್ ಎಂಬುದಕ್ಕೆ ಇರುವ ಮಾತು 'ದ್ರಾಕ್ಷಾರಸ'. ನನ್ನ ಲೇಖನ ತಿದ್ದಿದವರನ್ನು ಹಿಡಿದು ಜಗಳವಾಡಿದ್ದರೆ, ದ್ರಾಕ್ಷಾರಸ ಆಗಬಹುದಾದರೆ ಸೇಬಿನ ರಸ ಏಕಾಗಬಾರದು ಎಂದು ನನ್ನ ಬಾಯಿ ಮುಚ್ಚಿಸಬಹುದಿತ್ತು. ಇನ್ನೊಂದು ಸ್ವಾರಸ್ಯವಿದೆ. 'ಸೈಡರ್' ಕೂಡ ಬೈಬಲ್‌ನ ದಾರಿಯಲ್ಲೇ ಬಂದ ಪದ. ಹೀಬ್ರೂವಿನ 'ಶೇಖಾರ್', ಎಂದರೆ ಮತ್ತೇರಿಸುವ ಪಾನೀಯ, ಗ್ರೀಕ್ ಮತ್ತು ಲ್ಯಾಟಿನ್‌ಗಳನ್ನು ಹಾದು ಫ್ರೆಂಚರ ಬಾಯಲ್ಲಿ ಸೇಬಿಗೆ ಅಂಟಿಕೊಂಡಿತು. ಪದದ ಹುಟ್ಟಿನಲ್ಲಿ ಸೇಬೇ ಇಲ್ಲ!

ನನ್ನ ಮನಸ್ಸು ಮೊದಲು ವಾಲಿದ್ದು 'ಆಸವ'ದ ಕಡೆಗೆ. ಆಯುರ್ವೇದದವರು ಆಸವ ಮತ್ತು ಅರಿಷ್ಟಗಳ ನಡುವೆ ಮಾಡುವ ಭೇದ ಎಷ್ಟು ಹದವಾಗಿದೆ ನೋಡಿ: ಕಷಾಯ ಕಾಯಿಸಿ ಹುದುಗಿಸಿದ್ದು ಅರಿಷ್ಟ, ಕಾಯಿಸದೆ ಹುದುಗಿಸಿದ್ದು ಆಸವ. ಈ ಲೆಕ್ಕದಲ್ಲಿ ಸೈಡರ್ ಅಪ್ಪಟ ಆಸವ. 'ಸೇಬಿನ ಆಸವ' ಎಂದು ಬರೆದು, ಖುಷಿಯಿಂದ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ಊಟದ ಮೊದಲೋ ಆಮೇಲೋ, ಎಷ್ಟು ಚಮಚ?" ಎಂದು ಕೇಳಿದರು. ಅಲ್ಲಿಗೆ ಅದು ಮುಗಿಯಿತು. ಬಾಣಂತಿಯರ ದಶಮೂಲಾರಿಷ್ಟದ ಶೀಶೆ ಕಂಡ ಮನೆಗಳಲ್ಲಿ ಆಸವಕ್ಕೆ ಔಷಧಿಯಂಗಡಿಯ ವಾಸನೆ ತಪ್ಪಿದ್ದಲ್ಲ.

ಮಾಡುವ ಬಗೆಯನ್ನು ವಿವರಿಸಿದ ಮೇಲೆ ಅಮ್ಮ ಹೇಳಿದ್ದು: "ಹಾಗಾದರೆ ಸೇಬಿನ ಹೆಂಡ ಎಂದು ಬರೆ. ಅದಕ್ಕೇಕೆ ಇಷ್ಟು ಒದ್ದಾಟ?"

ನಿಜವಾಗಿ ಒದ್ದಾಟ ಶುರುವಾದದ್ದು ಅಲ್ಲಿಂದ. ಅರ್ಥಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ಪದ ನನಗೆ ಸಿಕ್ಕಿಲ್ಲ. ಈಚಲ ಹೆಂಡವಿದೆ, ಅಕ್ಕಿಯ ಹೆಂಡವಿದೆ. ಹೆಂಡ ಒಂದೇ ಮರಕ್ಕೆ ಕಟ್ಟಿಬಿದ್ದ ಮಾತಲ್ಲ. 'ಕಳ್ಳು' ಎಂದರೆ ತೆಂಗು, ಈಚಲು, ಬಗನಿ ಮರಗಳು ಕಣ್ಣ ಮುಂದೆ ನಿಲ್ಲುತ್ತವೆ, ಸೇಬಿನ ಗಿಡ ನಿಲ್ಲುವುದಿಲ್ಲ. ಹೆಂಡಕ್ಕೆ ಆ ತೊಡಕಿಲ್ಲ. ಆದರೆ 'ಹೆಂಡದಂಗಡಿ' ಎಂದು ಬರೆದ ಕೂಡಲೇ ಓದುಗನ ಕಣ್ಣಿಗೆ ರೀಬೆ ಕಾಣುವುದಿಲ್ಲ, ತಗಡಿನ ಮಾಡು ಮತ್ತು ಮುರುಕು ಬೆಂಚು ಕಾಣುತ್ತವೆ. ಇದು ಪದದ ಅರ್ಥವೋ, ಪದದ ಮೇಲೆ ನಾವು ಹೊರಿಸಿದ ಜಾತಿಯೋ? ದ್ರಾಕ್ಷಿಯದು ಹುದುಗಿದರೆ ವೈನ್ ಎಂಬ ಮರ್ಯಾದೆ, ಈಚಲದ್ದು ಹುದುಗಿದರೆ ಹೆಂಡ ಎಂಬ ತಾತ್ಸಾರ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಪಾನಗೋಷ್ಠಿಗೂ ಜಾಗ ಕೊಟ್ಟವರು ನಾವು, ಈಗ ಹೆಂಡ ಎನ್ನಲು ಅಕ್ಕಪಕ್ಕ ನೋಡುತ್ತೇವೆ. 'ಮದ್ಯ' ಎಂದು ಬರೆದು ಪಾರಾಗಬಹುದು. ಆದರೆ ಅದು ಪೊಲೀಸ್ ಸುದ್ದಿಯ ಭಾಷೆ. ಜೊತೆಗೆ ಅಚ್ಚಾಗುವಾಗ ಅರ್ಧ ಸಲ 'ಮಧ್ಯ' ಆಗಿರುತ್ತದೆ.

ರುಚಿಯ ಪದಗಳಲ್ಲೂ ಸಿಕ್ಕಿಹಾಕಿಕೊಂಡಿದ್ದೇನೆ. ನನ್ನ ಶೀಶೆಯ ಮೇಲೆ 'ಟೋರ್' ಎಂದಿತ್ತು. ಪದಶಃ ಅರ್ಥ 'ಒಣ', ಇಂಗ್ಲಿಷಿನವರು ಡ್ರೈ ಎನ್ನುವುದು. ಸಕ್ಕರೆಯನ್ನೆಲ್ಲ ಹುದುಗು ತಿಂದು ಮುಗಿಸಿದೆ, ಸಿಹಿ ಉಳಿದಿಲ್ಲ ಎಂದು ತಾತ್ಪರ್ಯ. 'ಒಣ ಸೈಡರ್' ಎಂದರೆ ನನಗೆ ಒಣಮೀನಿನ ನೆನಪಾಗುತ್ತದೆ. 'ಸಪ್ಪೆ' ತಪ್ಪು, ಅದು ಸಪ್ಪೆಯಾಗಿರಲಿಲ್ಲ. 'ಒಗರು' ಎನ್ನೋಣವೆಂದರೆ, ಒಗರು ಬೇರೆ ರುಚಿ. ಇಂಗ್ಲೆಂಡಿನಲ್ಲಿ ಸೈಡರಿಗೆಂದೇ ಬೆಳೆಯುವ ಕೆಲವು ಸೇಬುಗಳಲ್ಲಿ ನಾಲಿಗೆ ಹಿಡಿಯುವ ಒಗರಿರುತ್ತದೆ. ಗ್ರೋಸ್ಟೇನ್ ತಿನ್ನುವ ಸೇಬು, ಹಾಗಾಗಿ ಹುಳಿಯೇ ಮುಂದು. ಸದ್ಯಕ್ಕೆ 'ಸಿಹಿ ಬತ್ತಿದ' ಎಂದು ಬರೆದುಕೊಂಡಿದ್ದೇನೆ. ಕೆರೆ ಬತ್ತಿದ ಹಾಗೆ. ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಕನ್ನಡ ಸಲೀಸಾಗಿ ಒದಗಿದ ಕಡೆಯೂ ಇದೆ. ಅಂಗಡಿಯಾತ ಲೋಟವನ್ನು ಓರೆ ಹಿಡಿದು ನಿಧಾನ ಸುರಿದ. ತಳದ ಎರಡು ಬೆರಳಿನಷ್ಟನ್ನು ಶೀಶೆಯಲ್ಲೇ ಉಳಿಸಿ, ಮೇಣದ ಬತ್ತಿಯ ಎದುರು ಹಿಡಿದು ತೋರಿಸಿ, ಇದನ್ನೂ ಕಲಸಿ ಕೊಡಲೇ ಎಂದು ಕೇಳಿದ. ಮೇಲಿನದು ತಿಳಿ, ತಳದ್ದು ಗಸಿ, ಕಲಸಿದರೆ ಬಗ್ಗಡ. ಮೂರು ಪದಗಳೂ ಯೋಚಿಸದೆ ಬಂದವು. ಮೂಗಿಗೆ ಬಂದದ್ದು ಬೆಳಿಗ್ಗೆ ಉಬ್ಬಿ ನಿಂತ ದೋಸೆ ಹಿಟ್ಟಿನ ಮುಚ್ಚಳ ತೆಗೆದಾಗಿನ ವಾಸನೆ. ಅದಕ್ಕೂ 'ಹುಳಿ ಬಂದಿದೆ' ಎಂಬ ಮಾತು ಮನೆಯಲ್ಲೇ ಇದೆ. ಹೊರಗೆ ಬಂದಾಗ ರೀಬೆಯ ರಾತ್ರಿ ಕಾವಲುಗಾರ ದೀಪ ಹಿಡಿದು ಹಾಡುತ್ತಾ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ. ಅವನನ್ನು 'ತಳವಾರ' ಎಂದು ಬರೆದದ್ದನ್ನು ಯಾರೂ ತಿದ್ದಲಿಲ್ಲ.

ಇನ್ನು ನನ್ನ ಪ್ರಶ್ನೆ, ವಿಶೇಷವಾಗಿ ಕರಾವಳಿ ಮತ್ತು ಕೊಡಗಿನವರಿಗೆ. ಮರದ ರಸಕ್ಕೆ ನಮ್ಮಲ್ಲಿ ನೀರಾ–ಕಳ್ಳು ಎಂಬ ಜೋಡಿಯಿದೆ, ಡೇನರ ಮೊಸ್ಟ್–ಸೈಡರ್ ಇದ್ದ ಹಾಗೆ. ಕೊಂಕಣಿಯಲ್ಲಿ ಗೇರುಹಣ್ಣಿನ ಹಸಿ ರಸಕ್ಕೆ 'ನೀರೊ' ಎನ್ನುತ್ತಾರೆ. ಹಣ್ಣಿನ ರಸಕ್ಕೆ ಇಂಥದೊಂದು ಜೋಡಿ ಕನ್ನಡದ ಯಾವುದಾದರೂ ಮನೆಮಾತಿನಲ್ಲಿ ಇದೆಯೇ? ಮಡಿಕೇರಿಯ ಅಂಗಡಿಗಳಲ್ಲಿ ಮನೆಯಲ್ಲಿ ಮಾಡಿದ ಹಣ್ಣಿನ ವೈನ್ ಮಾರುತ್ತಾರೆ. ಚೀಟಿಯ ಮೇಲೆ ವೈನ್ ಎಂದಿರುತ್ತದೆ ಸರಿ, ಅದನ್ನು ಮಾಡುವವರು ಮನೆಯೊಳಗೆ ಏನೆನ್ನುತ್ತಾರೆ? ಹಿಂಡಿದ ದಿನದ ರಸಕ್ಕೂ ತಿಂಗಳ ನಂತರದ ರಸಕ್ಕೂ ಬೇರೆ ಬೇರೆ ಹೆಸರಿವೆಯೇ?

ಕರಡು ಬರುವ ಮಂಗಳವಾರ ಹೋಗಬೇಕು. ಸಿಗದಿದ್ದರೆ 'ಸೈಡರ್' ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ 'ಎಂದರೆ ಸೇಬಿನ ಹೆಂಡ' ಎಂದು ಸೇರಿಸುತ್ತೇನೆ. ಈ ಸಲ ಯಾರಾದರೂ ತಿದ್ದಿದರೆ ಅಮ್ಮನ ನಂಬರ್ ಕೊಡುವುದೆಂದು ನಿಶ್ಚಯಿಸಿದ್ದೇನೆ.